ದಾರಿಗೆ ಅಡ್ಡ ಇಟ್ಟ ಸೊಪ್ಪು

ಭಾನುವಾರ ಹರ್ಷವರ್ಧನ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ, ಯಶೋದಾ ಎಲ್ಲರಿಗಿಂತ ಹಿಂದೆ. ನಡುವೆ ಮೂವತ್ತೋ ನಲವತ್ತೋ ಜನ, ಬಣ್ಣಬಣ್ಣದ ಬ್ಯಾಗು ಹೊತ್ತ ಪೇಟೆಯವರು. ಗುಡ್ಡ ಹತ್ತಿಸುವ ಕೆಲಸವೇ ಅಂಥದ್ದು. ಮುಂದಿನವನು ದಾರಿ ತೋರಿಸಬೇಕು, ಹಿಂದಿನವಳು ಯಾರೂ ಉಳಿದುಹೋಗದ ಹಾಗೆ ನೋಡಿಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ಅತ್ತಿಗುಂಡಿಯ ಶಾಲೆ ಮೈದಾನದಲ್ಲಿ ಬೇರೆಯಾದರೆ, ಮಧ್ಯಾಹ್ನ ಊಟದ ಹತ್ತು ನಿಮಿಷ ಬಿಟ್ಟು ಸಂಜೆಯವರೆಗೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಕೂಗು ಮಾತ್ರ ಕೇಳುತ್ತಿತ್ತು.

ಆ ಕೂಗಿಗೂ ಒಂದು ರೀತಿಯಿತ್ತು. ಒಂದು 'ಕೂ' ಅಂದರೆ ಎಲ್ಲ ಸರಿಯಿದೆ, ನಾನಿಲ್ಲಿದ್ದೇನೆ. ಎರಡು ಅಂದರೆ ನಿಲ್ಲಿ. ಮೂರು ಅಂದರೆ ಅಪಾಯ, ಹಿಂದಕ್ಕೆ ಬನ್ನಿ. ಮೂರು ವರ್ಷದಲ್ಲಿ ಯಶೋದಾ ಎರಡು ಸಲ ಕೂಗಿದ್ದು ನಾಲ್ಕೇ ಬಾರಿ. ಅದರಲ್ಲೂ ಎರಡು ಬಾರಿ ಯಾರದೋ ಶೂ ಬಾಯಿ ಬಿಟ್ಟದ್ದಕ್ಕೆ.

ಶನಿವಾರ ಮಾತ್ರ ಹಾಗಲ್ಲ. ಶನಿವಾರ ಇಬ್ಬರೇ ದಾರಿ ನೋಡಿ ಬರಬೇಕು. ಎಲ್ಲಿ ಮರ ಬಿದ್ದಿದೆ, ಎಲ್ಲಿ ಲಂಟಾನ ಬೆಳೆದು ದಾರಿ ಮುಚ್ಚಿದೆ, ಯಾವ ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದೆ, ಇದೆಲ್ಲ ಹಿಂದಿನ ದಿನವೇ ಗೊತ್ತಿರಬೇಕು. ಅವತ್ತು ಮುಂದಿನವನಿಲ್ಲ, ಹಿಂದಿನವಳಿಲ್ಲ. ಅಗಲ ದಾರಿಯಲ್ಲಿ ಪಕ್ಕಪಕ್ಕ ನಡೆಯುತ್ತಾರೆ, ಕಿರಿದಾದ ಕಡೆ ಒಬ್ಬರ ಹಿಂದೆ ಒಬ್ಬರು. ಯಶೋದಾ ವಾರವಿಡೀ ಎಸ್ಟೇಟಿನ ಕಣದಲ್ಲಿ, ಸಿಪ್ಪೆ ಬಿಡಿಸಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಗೆ ಕೈಯಾಡಿಸುತ್ತಾ ಶನಿವಾರಕ್ಕಾಗಿ ಕಾಯುತ್ತಿದ್ದಳು. ಶುಕ್ರವಾರ ತಲೆಗೆ ಎರೆದುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ ದೇವರ ವಾರ ಅನ್ನುತ್ತಿದ್ದಳು, ಅದೂ ಸುಳ್ಳಲ್ಲ.

ಇವತ್ತಿನದು ಕೊನೆಯ ಶನಿವಾರ. ಅದನ್ನು ಅವನು ಅವಳಿಗೆ ಹೇಳಿರಲಿಲ್ಲ. ನಿನ್ನೆ ನಲವತ್ತು ಪೊಟ್ಟಣ ಚಿತ್ರಾನ್ನಕ್ಕೆ ಹೇಳಿಬರಲು ಹೋದಾಗ ಹೋಟೆಲಿನ ಶಂಕರಮ್ಮ ಹೇಳಿದ್ದಳು.

"ಹರ್ಷಣ್ಣ ಮನಾಲಿಗೆ ಹೋಗ್ತಾನಂತಲ್ಲ ಯಶೋದಾ. ಯಾವುದೋ ಟ್ರೆಕಿಂಗ್ ಕಂಪನಿಯಂತೆ. ಭಾನುವಾರ ಸಂಜೆ ಐದರ ಬಸ್ಸಿಗೆ ಹೊರಡ್ತಾನಂತೆ. ನಿನಗೆ ಗೊತ್ತೇ ಇರುತ್ತೆ ಬಿಡು."

"ಗೊತ್ತು," ಅಂದಿದ್ದಳು ಯಶೋದಾ. ಮನೆಗೆ ಬಂದು ಒಲೆ ಹಚ್ಚುವುದನ್ನೂ ಮರೆತು ಕೂತಿದ್ದಳು.

* * *

"ತಡ ಆಯ್ತಾ?" ಅಂದ ಹರ್ಷ, ಶಾಲೆಯ ಕಾಂಪೌಂಡಿನ ಮೇಲಿಂದ ಜಿಗಿದು.

"ನಾನೇ ಬೇಗ ಬಂದೆ."

"ಯಾವಾಗ್ಲೂ ನೀವೇ ಬೇಗ ಬರ್ತೀರಿ. ನಾಳೆ ಮಾತ್ರ ಎಲ್ಲರಿಗಿಂತ ಹಿಂದೆ ಇರ್ತೀರಿ. ಎಂಥ ವಿಚಿತ್ರ ಮಾರಾಯ್ರೆ."

ಅವಳು ನಗಲಿಲ್ಲ. ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತು, ಏನನ್ನೋ ಹುಡುಕಿ, ಸಿಗದೆ, ಅವಳ ಕೈಯಲ್ಲಿದ್ದ ಕತ್ತಿಯ ಕಡೆ ಹೋಯಿತು. ಡಿಸೆಂಬರಿನ ಬಿಸಿಲು ಆಗಷ್ಟೇ ಗುಡ್ಡದ ನೆತ್ತಿಗೆ ತಾಗಿತ್ತು. ಕೆಳಗೆ ತೋಟಗಳಲ್ಲಿ ಹಣ್ಣು ಕೀಳುವವರ ಮಾತು ಗಾಳಿಯಲ್ಲಿ ಹರಿದು ಬರುತ್ತಿತ್ತು.

ಹರ್ಷವರ್ಧನ ಎನ್ನುವ ರಾಜರ ಹೆಸರನ್ನು ಅವನ ಅಪ್ಪ ಕೆಂಪಯ್ಯ ಯಾರದೋ ಶಾಲೆಯ ಚರಿತ್ರೆ ಪುಸ್ತಕದಿಂದ ಎತ್ತಿಕೊಂಡಿದ್ದನಂತೆ. ಊರಿಗೆಲ್ಲ ಅವನು ಹರ್ಷಣ್ಣ. ಯಶೋದಾ ಮಾತ್ರ ಮೊದಲ ತಿಂಗಳು ಹಾಗೆ ಕರೆದು, ಆಮೇಲೆ ಯಾವತ್ತೋ ಒಂದು ದಿನ ಸದ್ದಿಲ್ಲದೆ ಅಣ್ಣನನ್ನು ಬಿಟ್ಟುಬಿಟ್ಟಿದ್ದಳು. ಅವಳು ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. 'ನೋಡಿ', 'ಕೇಳಿ' ಎನ್ನುವುದರಲ್ಲೇ ಕೆಲಸ ಮುಗಿಸುತ್ತಿದ್ದಳು.

"ಭುವನಾ ಮೇಡಂ ದೊಡ್ಡ ಪಟ್ಟಿ ಕಳಿಸಿದ್ದಾರೆ," ಎಂದು ಅವನು ಫೋನು ತೆಗೆದ. ಭುವನಾ ಮೇಡಂ ಅಂದರೆ ಬೆಂಗಳೂರಿನ ಕಾಲೇಜೊಂದರಲ್ಲಿ ಕಲ್ಲು ಮಣ್ಣಿನ ಪಾಠ ಹೇಳುವವರು. ನಾಳೆ ಬರುವವರೆಲ್ಲ ಅವರ ವಿದ್ಯಾರ್ಥಿಗಳು. "ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಟೋಪಿ. ಗಟ್ಟಿ ಅಡಿ ಇರೋ ಶೂ, ಯಾಕಂದ್ರೆ ಲಾವಾ ಕಲ್ಲು ಚೂಪು. ಫಸ್ಟ್ ಏಡ್. ಸೆಂಟು ಹಾಕ್ಕೊಂಡು ಬರಬಾರದು."

"ಸೆಂಟು ಎಂತಕ್ಕೆ ಬೇಡ?"

"ಅದು ನಾನು ಸೇರಿಸಿದ್ದು. ಹೆಜ್ಜೇನಿಗೆ ಸೆಂಟು ಕಂಡ್ರೆ ಆಗಲ್ಲ. ನೀವು ಹಾಕ್ಕೊಂಡಿಲ್ಲ ತಾನೆ?"

"ಸೀಗೆಕಾಯಿ ವಾಸನೆ ಅದು."

"ಗೊತ್ತು," ಅಂದ ಅವನು ಮೆಲ್ಲಗೆ, ಫೋನನ್ನು ಜೇಬಿಗಿಳಿಸುತ್ತಾ. "ಪ್ರತಿ ಶನಿವಾರ ಬರುತ್ತೆ."

ಗೊತ್ತಿದ್ದೂ ಹೋಗುತ್ತಾನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಕತ್ತಿ ಬೀಸಿ ಎದುರಿಗಿದ್ದ ಲಂಟಾನದ ಮೇಲೆ ತೀರಿಸಿಕೊಂಡಳು.

* * *

ಕವಲು ಬಂದ ಕಡೆ, ಹೋಗಬಾರದ ದಾರಿಗೆ ಹಸಿ ಸೊಪ್ಪಿನ ಕೊಂಬೆಯೊಂದನ್ನು ಅಡ್ಡ ಇಡುವುದು ಆ ಗುಡ್ಡದವರ ರೂಢಿ. ಸೌದೆಗೆ ಹೋಗುವವರು, ದನ ಹುಡುಕುವವರು, ಎಲ್ಲರೂ ಇದನ್ನು ಪಾಲಿಸುತ್ತಾರೆ. ಸೊಪ್ಪು ಕಂಡರೆ ಈ ಕಡೆ ಬರಬೇಡಿ ಎಂದು ಅರ್ಥ, ಯಾಕೆ ಎಂದು ಕೇಳುವ ಹಾಗಿಲ್ಲ. ಭಾನುವಾರ ಬಂದವರಿಗೆಲ್ಲ ಹರ್ಷ ಮೈದಾನದಲ್ಲೇ ಇದನ್ನು ಎರಡೆರಡು ಸಲ ಹೇಳಿಕೊಡುತ್ತಾನೆ. ಅವನು ಮುಂದೆ ಕೊಂಬೆ ಇಡುತ್ತಾ ಹೋಗುತ್ತಾನೆ. ಕೊನೆಯವರು ದಾಟಿದ ಮೇಲೆ ಯಶೋದಾ ಒಂದೊಂದನ್ನೇ ಎತ್ತಿ ಪಕ್ಕಕ್ಕೆ ಹಾಕುತ್ತಾ ಬರುತ್ತಾಳೆ. ಇಟ್ಟ ಸೊಪ್ಪನ್ನು ತೆಗೆಯದೆ ಬಂದರೆ ಊರವರ ದಾರಿಯನ್ನು ಸುಮ್ಮನೆ ಮುಚ್ಚಿದ ಹಾಗಾಗುತ್ತದೆ.

ಎಷ್ಟೋ ಭಾನುವಾರ ಅವಳು ಆ ಕೊಂಬೆಗಳನ್ನು ಎತ್ತುವಾಗ ಒಂದು ಗಳಿಗೆ ಹಿಡಿದು ನಿಂತದ್ದುಂಟು. ಅರ್ಧ ಗಂಟೆ ಹಿಂದೆ ಅವನ ಕೈ ಮುಟ್ಟಿದ್ದು ಎಂದು. ಮೂವತ್ನಾಲ್ಕು ವರ್ಷದ ಹೆಂಗಸು ಮಾಡುವ ಕೆಲಸವೇ ಇದು ಎಂದು ತನ್ನನ್ನೇ ಬೈದುಕೊಂಡು ಎಸೆಯುತ್ತಿದ್ದಳು.

ಇಪ್ಪತ್ತೆರಡಕ್ಕೆ ಮದುವೆಯಾಗಿ ಬೇಲೂರಿನ ಕಡೆ ಹೋದವಳು ಮೂರು ವರ್ಷಕ್ಕೆ ವಾಪಸ್ಸು ಬಂದಿದ್ದಳು. ಗಂಡನಿಗೆ ಇನ್ನೊಂದು ಸಂಸಾರ ಇತ್ತು, ಅದು ಇವಳಿಗಿಂತ ಮೊದಲೇ ಇತ್ತು. ಬಂದವಳು ಅಮ್ಮನ ಜೊತೆ ಇದ್ದಳು. ಅಮ್ಮನೂ ಹೋದ ಮೇಲೆ ಐದು ಕೋಳಿಗಳ ಜೊತೆ ಇದ್ದಳು. ಸಂಜೆ ಕೋಳಿ ಗೂಡಿನ ಬಾಗಿಲು ಹಾಕಿದರೆ, ಮಾರನೆಯ ಬೆಳಿಗ್ಗೆ ಅದನ್ನು ತೆಗೆಯುವವರೆಗೆ ಅವಳಿಗೆ ಯಾರ ಜೊತೆಗೂ ಮಾತಿರಲಿಲ್ಲ.

ಕಳೆದ ವರ್ಷ, ಇದೇ ಕಾಫಿ ಕುಯ್ಲಿನ ಹೊತ್ತಿನಲ್ಲಿ, ಅವನು ಕೇಳಿದ್ದ. "ಈ ಭಾನುವಾರ ಬುಕಿಂಗ್ ಇಲ್ಲ. ನಿಮ್ಮನೆಗೆ ಬರ್ಲಾ? ಒಂದು ಮಾತಿದೆ."

"ಬನ್ನಿ. ಅಲ್ಲೇ ಉಂಡ್ರಾಯ್ತು," ಅಂದಿದ್ದಳು ಅವಳು, ನೆಲ ನೋಡುತ್ತಾ.

ಆ ಭಾನುವಾರ ಅವಳಿಗೆ ಈಗಲೂ ಗಂಟೆ ಗಂಟೆಗೆ ನೆನಪಿದೆ. ಯಾವನೋ ಮಹಾನುಭಾವ ಫೋನಿನ ಮ್ಯಾಪಿನಲ್ಲಿ ಅವಳ ಹಿತ್ತಲನ್ನೇ ವ್ಯೂ ಪಾಯಿಂಟ್ ಎಂದು ಗುರುತು ಮಾಡಿಟ್ಟಿದ್ದ. ಬೆಳಿಗ್ಗೆ ಬೆಳಿಗ್ಗೆಯೇ ಎರಡು ಗುಂಪು ಬಂದು, ಕೋಳಿ ಗೂಡಿನ ಪಕ್ಕ ನಿಂತು ಫೋಟೋ ಹೊಡೆದುಕೊಂಡವು. ಅವರನ್ನು ಸಾಗಹಾಕಿ, ಇನ್ಯಾರೂ ನುಗ್ಗದ ಹಾಗೆ ಮಾಡಿ, ಅಡಿಗೆಗೆ ಕೂತಳು. ಇದ್ದ ಒಂದೇ ಹುಂಜವನ್ನು ಕೊಯ್ದಳು. ಕಡುಬು ಬೇಯಿಸಿದಳು. ಅಮ್ಮನ ನೀಲಿ ಸೀರೆ ಉಟ್ಟು ಬಾಗಿಲಲ್ಲಿ ಕೂತಳು.

ಅವನು ಬರಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು, ಬರಲಿಲ್ಲ. ಮುಂದಿನ ಶನಿವಾರ ಏನೂ ಆಗದವನ ಹಾಗೆ ಶಾಲೆ ಮೈದಾನದಲ್ಲಿ ನಿಂತಿದ್ದ. ಅವಳು ಕೇಳಲಿಲ್ಲ. ಯಾರೋ ಅವಳ ಹಳೇ ಮದುವೆಯ ಕಥೆ ಹೇಳಿರಬೇಕು, ಮನಸ್ಸು ತಿರುಗಿರಬೇಕು ಎಂದುಕೊಂಡಳು. ಒಮ್ಮೆ ಬೇಡವಾದವಳಿಗೆ ಇನ್ನೊಮ್ಮೆ ಬೇಡವಾಗುವುದು ದೊಡ್ಡ ವಿಷಯವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅದು ದೊಡ್ಡ ವಿಷಯವೇ ಆಗಿತ್ತು.

* * *

ಹತ್ತು ಗಂಟೆಗೆ ಕರಿಬಂಡೆ ಗುಡ್ಡದ ನೆತ್ತಿ ತಲುಪಿದರು. ಒಣಗಿದ ಹುಲ್ಲಿನ ನಡುವೆ ಕಪ್ಪು ಹಸಿರು ಬಣ್ಣದ ಬಂಡೆಗಳು, ಮೈತುಂಬ ಬಿಳಿ ಚುಕ್ಕೆ. ಊರವರು ಅದನ್ನು ಅವಲಕ್ಕಿ ಕಲ್ಲು ಅನ್ನುತ್ತಾರೆ. ಇದನ್ನು ನೋಡಲಿಕ್ಕೇ ನಾಳೆ ನಲವತ್ತು ಜನ ಬರುವುದು.

"ಈ ಗುಡ್ಡ ಎಲ್ಲ ಒಂದು ಕಾಲದಲ್ಲಿ ಕುದಿಯೋ ಬೆಂಕಿಯಂತೆ," ಅಂದ ಹರ್ಷ, ಬಂಡೆಗೊರಗಿ. "ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೇದು."

"ನೀವು ನೋಡಿದ್ರಾ?"

"ನಾನಲ್ಲ, ಭುವನಾ ಮೇಡಂ."

"ಅವರು ನೋಡಿದ್ರಾ?"

ಅವನು ನಕ್ಕ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಮುಚ್ಚುತ್ತಿತ್ತು. ಮನಾಲಿಯವರು ಯಾರೂ ಇದನ್ನು ಗಮನಿಸುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

"ಇಲ್ಲಿ ನೋಡಿ," ಎಂದು ಅವನು ಒಂದು ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟ. "ಬೆಂಕಿ ಆರುವಾಗ ಒಳಗಿನ ಗಾಳಿ ಹೊರಗೆ ಬರೋದಕ್ಕೆ ನೋಡ್ತಂತೆ. ಅಷ್ಟರಲ್ಲಿ ಮೇಲೆ ಗಟ್ಟಿಯಾಗಿಬಿಡ್ತು. ಅಲ್ಲೇ ಸಿಕ್ಕಿಕೊಂಡಿತು. ಆಮೇಲೆ ಆ ತೂತಿನಲ್ಲಿ ಈ ಬಿಳಿ ಕಲ್ಲು ತುಂಬಿದ್ದು."

"ಬರಬೇಕಾದ್ದು ಆಗಲೇ ಬಂದುಬಿಡಬೇಕಿತ್ತು," ಅಂದಳು ಯಶೋದಾ.

"ಹೌದು," ಅಂದ ಅವನು. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಅವಳ ಕೈ ಅದರಿಂದ ಒಂದು ಗೇಣು ದೂರದಲ್ಲಿ ಅದೇ ಬಂಡೆಯ ಮೇಲಿತ್ತು. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು.

ಈಗ ಹೇಳುತ್ತಾನೆ ಎಂದು ಅವಳು ಕಾದಳು. ಕೊನೆಗೆ ಹೇಳಿದ.

"ನಾಳೆ ಸಂಜೆ ಹೊರಡ್ತಾ ಇದ್ದೀನಿ. ಮನಾಲಿಗೆ. ಶಂಕರಮ್ಮ ಹೇಳಿರಬೇಕು."

"ಹೇಳಿದ್ರು. ಎಷ್ಟು ದಿನ?"

"ಎರಡು ವರ್ಷ ಅಂದಿದ್ದಾರೆ. ಅಪ್ಪ ಇರೋವರೆಗೆ ಊರು ಬಿಡೋ ಹಾಗಿರಲಿಲ್ಲ. ಈಗ ಇಲ್ಲಿ ನನಗೆ ಅಂತ ಏನಿದೆ?"

ಅವಳಿಗೆ ಆ ಪ್ರಶ್ನೆಯನ್ನು ಎತ್ತಿ ಅವನ ಮುಖಕ್ಕೇ ಎಸೆಯುವಷ್ಟು ಕೋಪ ಬಂತು. ಆದರೆ ಬಾಯಿಂದ ಬಂದದ್ದು ಬೇರೆ. "ಸ್ವೆಟರ್ ಇದೆಯಾ? ಅಲ್ಲಿ ಹಿಮ ಬೀಳುತ್ತಂತೆ."

"ಇದೆ," ಅಂದ ಅವನು.

* * *

ಇಳಿಯುವಾಗ, ಕೊನೆಯ ಕವಲಿನ ಹತ್ತಿರ, ಶಾಲೆ ಮೈದಾನ ಕಾಣುವಷ್ಟು ದೂರದಲ್ಲಿ, ಅವನು ನಿಂತ. ನಾಳೆ ಅಲ್ಲೊಂದು ಕೊಂಬೆ ಬೇಕು. ಅವಳು ಪಕ್ಕದ ನೇರಳೆ ಗಿಡಕ್ಕೆ ಕೈ ಹಾಕಿ, ಎಡಗೈಯಲ್ಲಿ ಕತ್ತಿ ಬೀಸಿ, ಒಂದನ್ನು ಕಡಿದು ತೋರಿಸಿದಳು. "ಇಷ್ಟು ಉದ್ದ ಸಾಕಾ?"

ಅವನು ಆ ಕೊಂಬೆಯನ್ನು ತೆಗೆದುಕೊಂಡು, ಕಡಿದ ತುದಿಯನ್ನೇ ನೋಡುತ್ತಾ ನಿಂತ. ಎಡಗೈಯವರು ಕಡಿದ ಕೊಂಬೆಯ ತುದಿ ಉಲ್ಟಾ ಓರೆಯಾಗಿರುತ್ತದೆ. ಆ ಊರಿನಲ್ಲಿ ಎಡಗೈಯಲ್ಲಿ ಕತ್ತಿ ಹಿಡಿಯುವವಳು ಅವಳೊಬ್ಬಳೇ.

"ನಾಳೆ ಸೊಪ್ಪು ಎಲ್ಲ ತೆಗೆದುಬಿಡಿ, ಮರೀಬೇಡಿ," ಅಂದ.

"ಯಾವತ್ತು ಮರೆತಿದ್ದೀನಿ?"

ಅವನು ಕೊಂಬೆಯ ಎಲೆಯೊಂದನ್ನು ಕಿತ್ತು ಮಡಚಿದ, ಮತ್ತೆ ಮಡಚಿದ.

"ಹೇಳಿ," ಅಂದಳು ಅವಳು. "ಹೋಗೋರು ಮನಸ್ಸಲ್ಲಿ ಇಟ್ಕೊಂಡು ಹೋಗಬಾರದು."

"ಮರೆತಿದ್ದು ಅಂತಲ್ಲ. ಒಂದ್ಸಲ ನೀವೇ ಇಟ್ಟಿದ್ರಿ. ತೆಗೀಲಿಲ್ಲ. ನಾನದನ್ನ ತಪ್ಪು ಅಂತ ಹೇಳ್ತಿಲ್ಲ ಯಶೋದಾ. ಬೇಡ ಅನ್ನೋದಕ್ಕೆ ನಿಮಗೆ ಹಕ್ಕಿದೆ. ಬಾಯಿಬಿಟ್ಟು ಹೇಳಿ ನನ್ನ ಮುಖ ಮುರೀಲಿಲ್ಲವಲ್ಲ, ಅಷ್ಟೇ ಸಾಕು ಅಂದ್ಕೊಂಡೆ."

"ಎಲ್ಲಿ ಇಟ್ಟಿದ್ದೆ?"

"ನಿಮ್ಮ ಮನೆ ದಾರಿಗೆ. ಕಳೆದ ವರ್ಷ ನಾನು ಬರ್ತೀನಿ ಅಂದಿದ್ದ ಭಾನುವಾರ." ಅವನು ಅವಳನ್ನು ನೋಡದೆ ಹೇಳಿದ. "ಹನ್ನೊಂದು ಗಂಟೆಗೆ ಬಂದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ದೆ. ದಾರಿಗೆ ಅಡ್ಡ ಹಸಿ ಸೊಪ್ಪು. ತುದಿ ನೋಡಿದೆ, ನಿಮ್ಮ ಕೈಯದೇ. ಅದನ್ನ ದಾಟಿ ಹೇಗೆ ಬರೋದು? ವಾಪಸ್ಸು ಹೋದೆ."

ಯಶೋದಾ ಅಲ್ಲೇ ದಾರಿಯ ಮೇಲೆ ಕೂತುಬಿಟ್ಟಳು.

ಇನ್ಯಾರೂ ನುಗ್ಗದ ಹಾಗೆ ಮಾಡಿ ಅಡಿಗೆಗೆ ಕೂತದ್ದು ನೆನಪಾಯಿತು. ಒಂದು ಕೊಂಬೆ ಕಡಿದದ್ದು, ಓಡುತ್ತಾ ಹೋಗಿ ದಾರಿಗೆ ಎಸೆದದ್ದು, ಹುಂಜದ ಹಿಂದೆ ಓಡಿದ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟದ್ದು, ಎಲ್ಲವೂ.

"ಅದು ಟೂರಿಸ್ಟುಗಳಿಗೆ ಇಟ್ಟಿದ್ದು," ಅಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಫೋಟೋ ತೆಗೆಯೋದಕ್ಕೆ ಬರ್ತಿದ್ರಲ್ಲ, ಅವರಿಗೆ. ಇಟ್ಟ ಮೇಲೂ ಮೂರು ಗುಂಪು ಅದನ್ನ ದಾಟಿಕೊಂಡೇ ಬಂದವು. ಅವರಿಗೆ ಸೊಪ್ಪು ಅಂದ್ರೆ ಸೊಪ್ಪು ಅಷ್ಟೇ. ಅರ್ಥ ಆಗಿದ್ದು ನಿಮಗೊಬ್ಬರಿಗೇ ಮಾರಾಯ್ರೆ."

ಅವನ ಕೈಯಿಂದ ಕೊಂಬೆ ಜಾರಿತು.

"ಹುಂಜ ಕೊಯ್ದಿದ್ದೆ," ಅಂದಳು ಅವಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಕಡುಬು ಮಾಡಿದ್ದೆ. ಮೂರು ದಿನ ಅದೇ ಸಾರನ್ನ ಬಿಸಿ ಮಾಡ್ಕೊಂಡು ಒಬ್ಬಳೇ ಉಂಡೆ."

ಅವನು ಅವಳೆದುರು ಮಂಡಿಯೂರಿದ. ಅವಳ ತಲೆಗೂದಲಿಗೆ ಅಂಟಿದ್ದ ಒಣ ಹುಲ್ಲಿನ ಕಡ್ಡಿಯೊಂದನ್ನು ಎರಡು ಬೆರಳಿನಲ್ಲಿ ತೆಗೆದ, ಕೂದಲಿಗೂ ನೋವಾಗದ ಹಾಗೆ.

"ನೀವೊಬ್ರೇ ನನ್ನನ್ನ ಅಣ್ಣ ಅನ್ನಲ್ಲ," ಅಂದ. "ಅದೊಂದೇ ಧೈರ್ಯದ ಮೇಲೆ ಅವತ್ತು ಬಂದಿದ್ದೆ."

"ಈಗ?"

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮನಾಲಿಯ ಕಂಪನಿಯವರು; ಬೆಂಗಳೂರಿನಿಂದ ರೈಲು ಎಷ್ಟು ಹೊತ್ತಿಗೆ ಎಂದು ಹೇಳಲಿಕ್ಕೆ. ಅವನು ಎದ್ದು ಹೋಗಿ ಮಾತಾಡಿದ. ಬಂದು ನಿಂತಾಗ ಮುಖ ಬಾಡಿತ್ತು.

"ಮಾತು ಕೊಟ್ಟುಬಿಟ್ಟಿದ್ದೀನಿ ಯಶೋದಾ. ಟಿಕೆಟ್ ಅವರೇ ಮಾಡಿಸಿದ್ದಾರೆ."

ಹೋಗಬೇಡಿ ಎನ್ನುವ ನಾಲ್ಕಕ್ಷರದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬೇಡಿಕೊಂಡು ಒಬ್ಬರನ್ನು ಉಳಿಸಿಕೊಳ್ಳಲು ಅವಳು ಹಿಂದೊಮ್ಮೆ ನೋಡಿದ್ದಳು, ಬೇಲೂರಿನಲ್ಲಿ, ಬಾಗಿಲಿಗೆ ಅಡ್ಡ ನಿಂತು. ಆಗ ಗಂಡ ಅವಳನ್ನು ಪಕ್ಕಕ್ಕೆ ಸರಿಸಿ ಹೋಗಿದ್ದ. ಇನ್ನು ಬಾಯಿಬಿಟ್ಟು ಕೇಳಲಾರೆ ಎಂದು ಅವತ್ತೇ ನಿರ್ಧರಿಸಿದ್ದಳು. ಕತ್ತಿ ಎತ್ತಿಕೊಂಡು ಎದ್ದಳು.

"ನಾಳೆ ಏಳಕ್ಕೆ ಬರ್ತೀನಿ," ಅಂದಳು.

* * *

ಭಾನುವಾರ ಎಲ್ಲವೂ ಯಾವಾಗಿನ ಹಾಗೇ ನಡೆಯಿತು. ನಲವತ್ತು ಹುಡುಗ ಹುಡುಗಿಯರು, ಸೊಂಟಕ್ಕೆ ಕಲ್ಲೊಡೆಯುವ ಸುತ್ತಿಗೆ ಸಿಕ್ಕಿಸಿಕೊಂಡ ಭುವನಾ ಮೇಡಂ, ಎರಡೆರಡು ಲೀಟರ್ ನೀರು. ಹರ್ಷ ಸೊಪ್ಪಿನ ಪಾಠ ಹೇಳಿದ. ಹೇಳುವಾಗ ಅವನ ಕಣ್ಣು ನಲವತ್ತು ತಲೆಗಳನ್ನು ದಾಟಿ ಅವಳ ಮೇಲೆ ಬಿತ್ತು, ಮಾತು ಒಂದು ಗಳಿಗೆ ತಪ್ಪಿತು. ಆಮೇಲೆ ಅವನು ಮುಂದೆ ಹೋದ.

ಯಶೋದಾ ಕೊಂಬೆಗಳನ್ನು ಎತ್ತುತ್ತಾ ಬಂದಳು. ಮೊದಲನೆಯದು, ಎರಡನೆಯದು, ಮೂರನೆಯದು. ಮುಂದಿನಿಂದ ಒಂದು ಕೂ ಬರುತ್ತಿತ್ತು, ಅವಳು ಒಂದು ಕೂ ಕೊಡುತ್ತಿದ್ದಳು. ಎಲ್ಲ ಸರಿಯಿದೆ, ನಾನಿಲ್ಲಿದ್ದೇನೆ. ಇಷ್ಟು ದೊಡ್ಡ ಸುಳ್ಳನ್ನು ಅವಳು ಇಷ್ಟು ಜೋರಾಗಿ ಯಾವತ್ತೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ಭುವನಾ ಮೇಡಂ ಅವನನ್ನು ಬಂಡೆಯ ಪಕ್ಕದಿಂದ ಅಲ್ಲಾಡಲು ಬಿಡಲಿಲ್ಲ. ಆ ಹತ್ತು ನಿಮಿಷವೂ ಹೋಯಿತು.

ಇಳಿಜಾರಿನಲ್ಲಿ, ಮೂರೂವರೆಯ ಹೊತ್ತಿಗೆ, ಸಾಲು ಉದ್ದವಾಗಿ ಎಳೆದುಕೊಂಡಿತ್ತು. ಮುಂದಿನ ತುದಿ ಗುಡ್ಡದ ಸೆರಗನ್ನು ತಿರುಗಿ ಕಣ್ಣಿಂದ ಮರೆಯಾಗುತ್ತಿತ್ತು. ಅವನ ಕೆಂಪು ಟೋಪಿ ಕೊನೆಯ ಸಲ ಕಂಡು ಇಲ್ಲವಾಯಿತು. ಆಗ ಯಶೋದಾಳಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ ಎರಡು ಕೈ ಬಾಯಿಯ ಸುತ್ತ ಸೇರಿದ್ದವು.

ಕೂ. ಕೂ.

ನಲವತ್ತು ಜನ ನಿಂತರು. ಗುಡ್ಡವೇ ನಿಂತ ಹಾಗಾಯಿತು.

"ಚಿರತೆನಾ ಅಕ್ಕ?" ಎಂದು ಅವಳ ಮುಂದಿದ್ದ ಹುಡುಗಿ ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿಗೆ ಮುಂದಿನಿಂದ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ದಾಟುತ್ತಾ ಪ್ರಶ್ನೆ ಬಂತು. ಯಾಕೆ ನಿಲ್ಲಬೇಕು ಅಂತ ಹರ್ಷಣ್ಣ ಕೇಳ್ತಿದ್ದಾರೆ.

ಯಶೋದಾ ಸಾಲನ್ನು ನೋಡಿದಳು. ನಲವತ್ತು ಮುಖ ಅವಳ ಕಡೆ ತಿರುಗಿದ್ದವು. ನಾನು ಒಬ್ಬಳೇ ಇದ್ದೇನೆ, ಅದಕ್ಕೆ ನಿಲ್ಲಿ, ಎಂದು ನಲವತ್ತು ಜನರ ಬಾಯಲ್ಲಿ ಹೇಳಿ ಕಳಿಸುವುದು ಹೇಗೆ?

"ಕಾರಣ ಏನೂ ಇಲ್ಲ, ಸುಮ್ನೆ ಕೂಗಿದೆ ಅಂತ ಹೇಳಿ," ಅಂದಳು.

ಮಾತು ಮುಂದಕ್ಕೆ ಹೋಯಿತು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಸಾಲು ಮೆಲ್ಲಗೆ ಅಲುಗಿ ಮುಂದೆ ನಡೆಯಿತು. ಅವಳು ಅಲ್ಲಿಂದ ಕೆಳಗೆ ಇಳಿಯುವವರೆಗೆ ಮುಂದಿನಿಂದ ಒಂದೂ ಕೂ ಬರಲಿಲ್ಲ.

* * *

ಅವಳು ಕಾಲು ಉಳುಕಿದ ಹುಡುಗನೊಬ್ಬನನ್ನು ನಡೆಸಿಕೊಂಡು ಮೈದಾನಕ್ಕೆ ಬಂದಾಗ ಐದು ಗಂಟೆಗೆ ಹತ್ತು ನಿಮಿಷವಿತ್ತು. ಮಿನಿ ಬಸ್ಸಿಗೆ ಎಲ್ಲರೂ ಹತ್ತುತ್ತಿದ್ದರು. ಕೆಂಪು ಟೋಪಿ ಎಲ್ಲೂ ಇರಲಿಲ್ಲ.

"ಹರ್ಷ ಅವ್ರು ಆಗಲೇ ಹೊರಟ್ರಲ್ಲ," ಅಂದರು ಭುವನಾ ಮೇಡಂ. "ಫೋನಲ್ಲಿ ಯಾರ ಜೊತೆಗೋ ಬಹಳ ಹೊತ್ತು ವಾದ ಮಾಡ್ತಾ ಇದ್ರು. ಆಮೇಲೆ ಬ್ಯಾಗ್ ಎತ್ತಿಕೊಂಡು ಹೋದ್ರು. ಬಸ್ಸಿದೆ ಅಂತ ಬೆಳಿಗ್ಗೆನೇ ಹೇಳಿದ್ರು. ನಿಮಗೆ ಹೇಳಲಿಲ್ವಾ?"

"ಹೇಳಿದ್ರು," ಅಂದಳು ಯಶೋದಾ. ಎಲ್ಲರಿಗೂ ಕೈ ಬೀಸಿದಳು. ಮಿನಿ ಬಸ್ಸು ಧೂಳೆಬ್ಬಿಸಿ ಹೋಯಿತು. ಮೈದಾನದಲ್ಲಿ ಒಂದು ಖಾಲಿ ನೀರಿನ ಬಾಟಲಿ ಗಾಳಿಗೆ ಉರುಳುತ್ತಿತ್ತು. ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು, ಅದೂ ಹಿಂದೆ ಬರುವವಳದೇ ಕೆಲಸ.

ಮೈದಾನದ ಹಿಂದಿನ ಕಾಲುದಾರಿ ಐವತ್ತು ಹೆಜ್ಜೆಗೆ ಕವಲಾಗುತ್ತದೆ. ಬಲಗಡೆಯದು ಬಸ್ ಸ್ಟಾಪಿಗೆ ಇಳಿಯುತ್ತದೆ, ಎಡಗಡೆಯದು ಅವಳ ಮನೆಗೆ ಹೋಗುತ್ತದೆ. ಅವಳು ತಲೆ ತಗ್ಗಿಸಿ ನಡೆದಳು. ಕೆಳಗೆ ರಸ್ತೆಯಲ್ಲಿ ಐದರ ಬಸ್ಸಿನ ಹಾರನ್ ಕೇಳಿತು. ಬಸ್ಸು ನಿಂತ ಸದ್ದು, ಹೊರಟ ಸದ್ದು. ಕೈಮರದ ಕಡೆ ಇಳಿಯುವ ತಿರುವುಗಳಲ್ಲಿ ಅದು ಸಣ್ಣದಾಗುತ್ತಾ ಹೋಗುವುದನ್ನು ಅವಳು ಪೂರ್ತಿ ಕೇಳಿಸಿಕೊಂಡಳು.

ಕವಲಿನಲ್ಲಿ ಒಂದು ಕೊಂಬೆ ಅಡ್ಡ ಬಿದ್ದಿತ್ತು. ಅಭ್ಯಾಸಬಲದಿಂದ ಎತ್ತಲು ಬಗ್ಗಿದಳು. ಕೈ ಅರ್ಧದಲ್ಲೇ ನಿಂತಿತು.

ಅಲ್ಲಿ ಇವತ್ತು ಸೊಪ್ಪು ಇಡುವ ಅಗತ್ಯವೇ ಇರಲಿಲ್ಲ. ಈ ಕಡೆ ಯಾರನ್ನೂ ಕರೆದು ತಂದಿರಲಿಲ್ಲ. ನೇರಳೆ ಸೊಪ್ಪು, ಈಗಷ್ಟೇ ಕಡಿದದ್ದು, ತುದಿಯ ಹಸಿ ಇನ್ನೂ ಆರಿರಲಿಲ್ಲ. ಅದು ಅಡ್ಡ ಬಿದ್ದದ್ದು ಅವಳ ಮನೆಯ ದಾರಿಗಲ್ಲ. ಬಸ್ ಸ್ಟಾಪಿನ ದಾರಿಗೆ.

ಯಶೋದಾ ಬಗ್ಗಿದಲ್ಲೇ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ನೆಟ್ಟಗಾಗಿ, ಎರಡು ಕೈ ಬಾಯಿಯ ಸುತ್ತ ಹಿಡಿದು, ಒಂದೇ ಒಂದು ಸಲ ಕೂಗಿದಳು.

ಉತ್ತರ ಎಡಗಡೆಯಿಂದ ಬಂತು. ಕೋಳಿ ಗೂಡಿನ ಹತ್ತಿರದಿಂದ ಇರಬೇಕು. ಅವನ ಕೂಗಿಗೆ ಬೆದರಿ ಕೋಳಿಗಳೂ ಒಟ್ಟಿಗೆ ಕೂಗಿಕೊಂಡವು.

ಮೂರು ವರ್ಷದಲ್ಲಿ ಮೊದಲ ಸಲ ಅವಳು ಬೇಕೆಂದೇ ಒಂದು ಸೊಪ್ಪನ್ನು ಇಟ್ಟಲ್ಲೇ ಬಿಟ್ಟು ನಡೆದಳು. ಆ ಹುಂಜದ ನಂತರ ಅವಳು ಇನ್ನೊಂದನ್ನು ಸಾಕಿರಲಿಲ್ಲ. ಮೊಟ್ಟೆ ನಾಲ್ಕಿದ್ದವು, ಕಡುಬಿಗೆ ಅಕ್ಕಿ ತರಿಯೂ ಇತ್ತು. ಇವತ್ತಿಗೆ ಅಷ್ಟು ಸಾಕು ಎಂದು ಲೆಕ್ಕ ಹಾಕುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಹೆಜ್ಜೆ ಜೋರು ಮಾಡಿದಳು.